ಜಪ್ತಿ ಪಟ್ಟಿ, ಐಟಂ ಒಂದು

ಅರಸೀಕೆರೆ ಜಂಕ್ಷನ್ನು, ರೈಲ್ವೆ ಪೊಲೀಸ್ ಹೊರಠಾಣೆ,
ರಾತ್ರಿ ಹನ್ನೊಂದೂ ಹತ್ತು.
ಮೇಜಿನ ಮೇಲೆ ಒಂದು ಗಾಜು.
ನಾನು ರೈಟರು. ಬರೆಯಬೇಕು.

ಇಪ್ಪತ್ತೆರಡು ವರ್ಷ ಬರೆದಿದ್ದೇನೆ:
ಬೀಗ ಮುರಿದ ಸೂಟ್‌ಕೇಸು, ಕೊಬ್ಬರಿ ಚೀಲ,
ಹಳಿಯ ಮೇಲೆ ಸಿಕ್ಕ ಒಂಟಿ ಚಪ್ಪಲಿ,
ಎಡಗಾಲಿನದು, ಹಿಮ್ಮಡಿ ಸವೆದಿರುತ್ತದೆ.
ಎಲ್ಲಕ್ಕೂ ಹೆಸರಿತ್ತು.
ಇದಕ್ಕೇನು ಬರೆಯಲಿ?

"ಹೂಜಿ" ಅಂದರು ಸಾಹೇಬರು, ಫೋನಿನಿಂದ ಕಣ್ಣೆತ್ತದೆ.
ಹೂಜಿಯ ಪಕ್ಕೆಗೆ ಹೀಗೆ ಕೊಳವೆ ಚುಚ್ಚಿರಲ್ಲ ಸಾರ್.
"ಹಾಗಾದ್ರೆ ಹೂದಾನಿ."

ಪಂಚರು ಇಬ್ಬರು.
ಒಂದು, ಪ್ಲಾಟ್‌ಫಾರಂ ಟೀ ರುದ್ರೇಶಿ.
ಇನ್ನೊಂದು, ದಸ್ತಗೀರ್ ಸಾಬರು,
ಜೂನಿಯರ್ ಕಾಲೇಜಿನ ಲ್ಯಾಬಲ್ಲಿ ಮೂವತ್ತು ವರ್ಷ
ಗಾಜು ತೊಳೆದವರು;
ಮಗಳನ್ನು ರೈಲು ಹತ್ತಿಸಲು ಬಂದು
ನಮ್ಮ ಕೈಗೆ ಸಿಕ್ಕಿಬಿದ್ದರು.

ಸಾಬರು ಕನ್ನಡಕ ಒರೆಸಿಕೊಂಡು
ಗಾಜನ್ನು ಟ್ಯೂಬ್‌ಲೈಟಿಗೆ ಹಿಡಿದು ತಿರುಗಿಸಿದರು,
ನೋವೆಂದು ಅಳುವ ಮಗುವಿನ ಕಿವಿ ನೋಡುವ ಹಾಗೆ.
ಒಳ್ಳೆ ಮಾಲಮ್ಮ, ಬಿಸಿಗೆ ಬಿರಿಯುವ ಜಾತಿಯಲ್ಲ.
ಬರಕೊಳ್ಳಿ.

ಬುಡ: ಅಗಲ, ನಿಲ್ಲುವುದಕ್ಕೆ.
ಹೊಟ್ಟೆ: ಗುಂಡಗೆ, ನೀರಿಗೆ.
ಪಕ್ಕೆಯಿಂದ ಓರೆಯಾಗಿ ಇಳಿದದ್ದು ಒಳಗೊಳವೆ,
ತುದಿ ನೀರಲ್ಲಿ ಮುಳುಗಿರತಕ್ಕದ್ದು.
"ನಮ್ಮ ಲ್ಯಾಬಲ್ಲೂ ಹಿಂಗೇ,
ಗುಳ್ಳೆ ಬಂದರೆ ಹುಡುಗರು ಚಪ್ಪಾಳೆ ತಟ್ಟೋರು."

ಕೊಳವೆಯ ನೆತ್ತಿಯಲ್ಲಿ ಬೆರಳಗಲದ ಬಟ್ಟಲು, ತಳಕ್ಕೆ ಮಸಿ.
ಹಣತೆ ಎಂದು ಬರೆದೆ.
ಮನಸ್ಸಾಗಲಿಲ್ಲ, ಹೊಡೆದುಹಾಕಿದೆ.
ಚಿಲುಮೆ ಅಂತ ಬರೆದೆ.
ನೀರು ಉಕ್ಕುವುದಕ್ಕೂ ಅದೇ ಮಾತು,
ಕೆಂಡ ಇಡುವುದಕ್ಕೂ ಅದೇ.
ಈ ಗಾಜು ಬರುವ ಮೊದಲೇ
ಯಾರು ಕೂಡಿಸಿಟ್ಟರೋ ಎರಡನ್ನೂ.

ಕತ್ತು: ಒಂದು ಗೇಣು, ನಾಲ್ಕು ಬೆರಳು.
ಬಾಯಿ: ಅಂಚು ನುಣುಪು.
ಇಷ್ಟಕ್ಕೆ ನನ್ನ ಕೈ ನಿಂತಿತು.
ಹಳಿಯ ಮೇಲೆ ಸಿಕ್ಕವರನ್ನು
ನಾನು ಬರೆಯುವ ಕ್ರಮವೂ ಹೀಗೇ,
ತಲೆಯಿಂದ ಮೊದಲು, ಅಷ್ಟೇ ವ್ಯತ್ಯಾಸ.

ಕತ್ತಿನ ಹಿಂಬದಿಯಲ್ಲಿ ಒಂದು ತೂತು.
"ಸದರಿ ವಸ್ತುವು ಒಡೆದಿದ್ದು" ಅಂತ ಎಳೆಯುತ್ತಿದ್ದೆ,
ಬೆಂಚಿನ ತುದಿಯಿಂದ ಆ ಹುಡುಗ,
ಗೂಡ್ಸ್ ಶೆಡ್ಡಿನ ಹಿಂದೆ ಸಿಕ್ಕಾಗಿನಿಂದ
ತುಟಿ ಬಿಚ್ಚದವನು,
"ಒಡೆದಿಲ್ಲ ಮೇಡಂ.
ಅದು ಬೇಕು. ಹೆಬ್ಬೆಟ್ಟಲ್ಲಿ ಮುಚ್ಚಿ ಎಳೀಬೇಕು,
ಕೊನೇಲಿ ಬಿಡಬೇಕು.
ಹೊರಗಿನ ಗಾಳಿ ಬರದೆ ಒಳಗಿಂದು ಏಳಲ್ಲ."
ಪಾಠ ಒಪ್ಪಿಸಿದ ಹಾಗೆ ಹೇಳಿ,
ಆಮೇಲೆ ಹೆದರಿದ.

ಸಾಹೇಬರು ಈಗ ಕಣ್ಣೆತ್ತಿದರು.
"ತಪ್ಪೊಪ್ಪಿಗೆ. ಸೇರಿಸಮ್ಮ ಅದನ್ನೂ."
ಪೆನ್ನು ಝಾಡಿಸಿದೆ.
ಇಂಕಿತ್ತು.
ಬರೆಯುತ್ತಿಲ್ಲ ಸಾರ್ ಅಂದೆ.

ನೀರು: ನೂರ ಎಂಬತ್ತು ಮಿಲಿ, ಕಷಾಯದ ಬಣ್ಣ.
ನನ್ನ ಕೆಮ್ಮಿನ ಔಷಧಿಯ ಖಾಲಿ ಸೀಸೆ ತೊಳೆದು
ಬಗ್ಗಿಸಿ, ಅರಗು ಹಾಕಿದೆವು.
ರುದ್ರೇಶಿ ಮೂಸಿ ಮುಖ ಹಿಂಡಿದ:
"ಇದಕ್ಕಾ ಇಷ್ಟು ಸಿಂಗಾರ?
ನಮ್ಮ ತಾತ ತೆಂಗಿನ ಚಿಪ್ಪಿಗೆ ಎರಡು ತೂತು ಕೊರೆದು
ಗುಡುಗುಡಿ..."
ಅಂದವನು ಗೋಡೆಯ ಲಾಠಿ ನೋಡಿ
"ಬರೀ ಹೊಗೆಸೊಪ್ಪು ಕಣಕ್ಕ" ಅಂದ.

ಸಾಬರದು ಮುತ್ತು ಪೋಣಿಸಿದಂಥ ಸಹಿ.
ರುದ್ರೇಶಿಗೆ ಅಕ್ಷರವಿಲ್ಲ.
ಅವನ ಹೆಬ್ಬೆಟ್ಟು ಹಿಡಿದು, ಪ್ಯಾಡಿಗೆ ಒತ್ತಿ,
ಕಾಗದಕ್ಕೆ ಇಟ್ಟೆ. ಎತ್ತಿದೆ.
ಬೆಂಚಿನ ಮೇಲೆ ಹುಡುಗ ತನ್ನದನ್ನು
ಮುಷ್ಟಿಯೊಳಗೆ ಬಚ್ಚಿಟ್ಟುಕೊಂಡಿದ್ದ.

ಗೂಡ್ಸೊಂದು ನಿಲ್ಲದೆ ಹೋಯಿತು,
ಗಾಜು ಮೇಜಿನ ಮೇಲೆ ಸಣ್ಣಗೆ ನಡುಗಿತು.
ಬಾಗಿಲು ದಾಟಿದ ಸಾಬರು ಮತ್ತೆ ತಿರುಗಿ ಬಂದರು.
"ತೊಳೆದಿಟ್ಟು ಹೋಗ್ಲಾ ಅಮ್ಮ?
ಒಣಗಿದ ಮೇಲೆ ಕಲೆ ಬಿಡಲ್ಲ."
ಬೇಡ ಸಾಬರೇ, ಅಂದೆ.
ಆದರೂ ಅವರು ಸ್ವಲ್ಪ ಹೊತ್ತು
ಅಲ್ಲೇ ನಿಂತಿದ್ದರು.